ಎದುರು ಮಾತಿಲ್ಲದ ಅರ್ಥಗಾರಿಕೆ: ಏಕವ್ಯಕ್ತಿ ರಂಗದಲ್ಲಿ ಆತ್ಮಕಥನ

ಹರಿಕಥೆಯನ್ನೂ ತಾಳಮದ್ದಳೆಯನ್ನೂ ಕೇಳಿ ಬೆಳೆದವರಿಗೆ, ಒಬ್ಬನೇ ವ್ಯಕ್ತಿಯು ಕೇವಲ ಮಾತಿನ ಬಲದಿಂದ ಸಭೆಯನ್ನು ಹಿಡಿದು ನಿಲ್ಲಿಸುವ ಕಲೆಯು ಹೊಸತಲ್ಲ. ವೇದಿಕೆಯಲ್ಲಿ ನಿಂತ ಹರಿದಾಸರು ಒಂದು ಗಳಿಗೆ ಸುರುಚಿಯಾಗಿ ಗದರುತ್ತಾರೆ. ಮರುಗಳಿಗೆ ಬಾಲಕ ಧ್ರುವನಾಗಿ ಬಿಕ್ಕುತ್ತಾರೆ. ತಾಳಮದ್ದಳೆಯ ಅರ್ಥಧಾರಿಗಾದರೋ ಗೆಜ್ಜೆಯೂ ಇಲ್ಲ, ವೇಷವೂ ಇಲ್ಲ. ಭಾಗವತರು ಪದ ಹೇಳಿ ನಿಲ್ಲಿಸಿದೊಡನೆ ಆತನು ಕುಳಿತಲ್ಲಿಂದಲೇ ‘ನಾನು’ ಎಂದು ಆರಂಭಿಸುತ್ತಾನೆ. ಆ ‘ನಾನು’ ಕರ್ಣನಾಗಿರಬಹುದು, ವಾಲಿಯಾಗಿರಬಹುದು, ಕೌರವನಾಗಿರಬಹುದು. ತನ್ನ ಹುಟ್ಟು, ತನಗಾದ ಅವಮಾನ, ತಾನು ತಳೆದ ನಿರ್ಧಾರ ಇವೆಲ್ಲವನ್ನೂ ಆತನು ಪೀಠಿಕೆಯಲ್ಲಿ ಬಿಚ್ಚಿಡುತ್ತಾನೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ಹರಿಕಥೆ, ಅರ್ಥಗಾರಿಕೆಗಳೆರಡರಲ್ಲಿಯೂ ಹೆಸರಾದವರು. ಅವರ ಮಾತನ್ನು ಕೇಳಿದವರು ಪೌರಾಣಿಕ ಪಾತ್ರವೊಂದು ತನ್ನ ಬಾಳಿನ ಲೆಕ್ಕವನ್ನು ತಾನೇ ಒಪ್ಪಿಸುವ ಸೊಗಸನ್ನು ಬಲ್ಲರು.

ಆದರೆ ಈ ಎರಡು ಕಲೆಗಳಿಗೂ ಒಂದು ಕಟ್ಟಳೆಯಿದೆ. ದಾಸರು ಹೇಳುವುದು ಧ್ರುವನ ಕಥೆಯನ್ನೇ ಹೊರತು ತಮ್ಮ ಕಥೆಯನ್ನಲ್ಲ. ಅರ್ಥಧಾರಿಯ ‘ನಾನು’ ಎರವಲು ತಂದ ‘ನಾನು’. ಹಾಗಾದರೆ ಒಬ್ಬ ನಟನು ಯಾವ ಪಾತ್ರದ ಹೆಸರನ್ನೂ ಹೊದೆಯದೆ, ತನ್ನ ಹೆಸರಿನಲ್ಲಿಯೇ ಸಭೆಯ ಮುಂದೆ ಕುಳಿತು, ತನ್ನ ತಾಯಿ, ತನ್ನ ಭಯ, ತನ್ನ ತಪ್ಪು ಇವುಗಳನ್ನೇ ಕಥಾವಸ್ತುವಾಗಿ ಮಾಡಿಕೊಂಡರೆ ಏನಾಗುತ್ತದೆ? ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ರಂಗಭೂಮಿಯಲ್ಲಿ ಈ ಪ್ರಯೋಗವು ನಡೆಯಿತು. ಅದರ ಮುಖ್ಯ ಪುರುಷನು ಸ್ಪಾಲ್ಡಿಂಗ್ ಗ್ರೇ. ಆತನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಿ, ಆ ಕಲೆಯು ನಮ್ಮ ಮುಂದಿಡುವ ಒಂದು ಪ್ರಶ್ನೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಗ್ರೇಗಿಂತ ಮೊದಲೇ ಪಶ್ಚಿಮದಲ್ಲಿ ಏಕವ್ಯಕ್ತಿ ಕಥನಕ್ಕೆ ದಾರಿ ಬಿದ್ದಿತ್ತು. ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು ೧೮೫೮ರಿಂದ ೧೮೭೦ರವರೆಗೆ ತನ್ನ ಕೃತಿಗಳನ್ನು ಹಣಕ್ಕೆ ಸಾರ್ವಜನಿಕವಾಗಿ ಓದಿದನು. ಓದಿದನು ಎನ್ನುವುದಕ್ಕಿಂತ ಅಭಿನಯಿಸಿದನು ಎನ್ನುವುದೇ ಸರಿ. ಹತ್ತಾರು ಪಾತ್ರಗಳ ಕಂಠವು ಅವನೊಬ್ಬನ ಕಂಠದಿಂದ ಹೊರಡುತ್ತಿತ್ತು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ತಂದೆಯು ಸಾಲಕ್ಕಾಗಿ ಸೆರೆಮನೆ ಸೇರಿದಾಗ, ಹನ್ನೆರಡು ವರ್ಷದ ಡಿಕನ್ಸನು ಬೂಟಿನ ಮಸಿಯ ಕಾರ್ಖಾನೆಯಲ್ಲಿ ಕೂಲಿ ಮಾಡಿದ್ದನು. ಸಾವಿರಾರು ಜನರ ಮುಂದೆ ನಿಂತ ಆತನು ಈ ನೋವನ್ನು ಯಾವ ವೇದಿಕೆಯಲ್ಲಿಯೂ ಹೇಳಲಿಲ್ಲ. ಗೆಳೆಯ ಜಾನ್ ಫಾರ್ಸ್ಟರನು ಬರೆದ ಜೀವನಚರಿತ್ರೆಯು ಹೊರಬಂದಾಗ, ಅಂದರೆ ಡಿಕನ್ಸನು ತೀರಿಕೊಂಡ ಮೇಲೆ, ಲೋಕಕ್ಕೆ ಅದು ತಿಳಿಯಿತು. ಆ ಬಾಲ್ಯವನ್ನು ಆತನು ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯ ಬಾಲಕನಿಗೆ ಕೊಟ್ಟುಬಿಟ್ಟಿದ್ದನು. ನಮ್ಮ ಅರ್ಥಧಾರಿಯ ಕಟ್ಟಳೆಯೇ ಇದು: ನೋವು ತನ್ನದು, ಹೆಸರು ಇನ್ನೊಬ್ಬನದು.

ಅಮೆರಿಕದ ಮಾರ್ಕ್ ಟ್ವೈನನು ಒಂದು ಹೆಜ್ಜೆ ಮುಂದೆ ಹೋದನು. ೧೮೬೬ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹವಾಯಿ ದ್ವೀಪಗಳ ತನ್ನ ಪ್ರವಾಸವನ್ನು ಕುರಿತು ಮಾತನಾಡಿ ಜನರನ್ನು ನಗಿಸಿದನು. ಅಂದಿನಿಂದ ವೇದಿಕೆಯು ಅವನಿಗೆ ಲೇಖನಿಯಷ್ಟೇ ಆಪ್ತವಾಯಿತು. ೧೮೯೬ರಲ್ಲಿ ಭಾರತಕ್ಕೂ ಬಂದು ಮುಂಬಯಿ, ಕಲ್ಕತ್ತ ಮೊದಲಾದ ನಗರಗಳಲ್ಲಿ ಉಪನ್ಯಾಸಗಳನ್ನು ಮಾಡಿದನು. ಆದರೆ ಟ್ವೈನನ ‘ನಾನು’ ವಿನೋದಕ್ಕಾಗಿ ಹಿಗ್ಗಿಸಿದ ‘ನಾನು’. ಮುಂದೆ ರೂತ್ ಡ್ರೇಪರ್ (೧೮೮೪–೧೯೫೬) ಎಂಬ ನಟಿಯು ಬರಿಯ ಶಾಲು, ಕುರ್ಚಿಗಳಂಥ ಕೆಲವೇ ಸಾಮಗ್ರಿಗಳಿಂದ ನಾನಾ ಹೆಂಗಸರ ಬಾಳನ್ನು ಒಬ್ಬಳೇ ಕಣ್ಣಿಗೆ ಕಟ್ಟಿಸಿದಳು. ೧೯೫೪ರಿಂದ ಹಾಲ್ ಹೋಲ್ಬ್ರೂಕ್ ಎಂಬ ನಟನು ಬಿಳಿಯ ಮೀಸೆ ಅಂಟಿಸಿಕೊಂಡು ಮಾರ್ಕ್ ಟ್ವೈನನಾಗಿಯೇ ಮಾತನಾಡಿದನು. ಮತ್ತೆ ಅರ್ಥಗಾರಿಕೆ, ಮತ್ತೆ ಎರವಲು ‘ನಾನು’.

ಸ್ಪಾಲ್ಡಿಂಗ್ ಗ್ರೇ ಹುಟ್ಟಿದ್ದು ೧೯೪೧ರಲ್ಲಿ, ರೋಡ್ ಐಲೆಂಡ್ ಎಂಬ ಅಮೆರಿಕದ ಅತಿ ಚಿಕ್ಕ ರಾಜ್ಯದಲ್ಲಿ. ಮೂವರು ಗಂಡುಮಕ್ಕಳಲ್ಲಿ ಆತನು ನಡುವಿನವನು. ತಾಯಿಯು ಬಹುಕಾಲ ಮನೋವ್ಯಾಧಿಯಿಂದ ನರಳಿ ೧೯೬೭ರಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಆತನ ಮುಂದಿನ ಕೃತಿಗಳಲ್ಲಿ ಬಹುಪಾಲು ಈ ಒಂದು ಮರಣದ ಸುತ್ತ ತಿರುಗಿದವು. ಬೋಸ್ಟನ್ನಿನ ಎಮರ್ಸನ್ ಕಾಲೇಜಿನಲ್ಲಿ ಓದಿ, ಕೆಲಕಾಲ ವೃತ್ತಿರಂಗದಲ್ಲಿ ದುಡಿದು, ಬಳಿಕ ನ್ಯೂಯಾರ್ಕಿನಲ್ಲಿ ರಿಚರ್ಡ್ ಶೆಕ್ನರನ ‘ಪರ್ಫಾರ್ಮೆನ್ಸ್ ಗ್ರೂಪ್’ ಎಂಬ ಪ್ರಯೋಗಶೀಲ ತಂಡವನ್ನು ಸೇರಿದನು. ಶೆಕ್ನರನು ಕಾಶಿಯ ಬಳಿಯ ರಾಮನಗರದ ರಾಮಲೀಲೆಯನ್ನು ಅಭ್ಯಾಸಮಾಡಿ ಅದನ್ನು ಕುರಿತು ಬರೆದ ವಿದ್ವಾಂಸನೂ ಹೌದು. ೧೯೭೬ರಲ್ಲಿ ಈ ತಂಡವು ಬ್ರೆಕ್ಟನ ‘ಮದರ್ ಕರೇಜ್’ ನಾಟಕವನ್ನು ಹೊತ್ತುಕೊಂಡು ಭಾರತದಲ್ಲಿ ಸಂಚರಿಸಿತು. ಗ್ರೇಯೂ ಆ ತಂಡದಲ್ಲಿ ಒಬ್ಬ ನಟನಾಗಿದ್ದನು.

ಈ ಪ್ರವಾಸವು ಆತನ ಮನಸ್ಸನ್ನು ಕಲಕಿತು. ಅದರಿಂದ ೧೯೭೯ರಲ್ಲಿ ಒಂದು ವಿಚಿತ್ರ ಪ್ರಯೋಗವು ಹುಟ್ಟಿತು. ಅದರ ಹೆಸರು ‘ಇಂಡಿಯಾ ಅಂಡ್ ಆಫ್ಟರ್’. ಸಹಾಯಕಿಯೊಬ್ಬಳು ನಿಘಂಟನ್ನು ತೆರೆದು ಕಣ್ಣಿಗೆ ಬಿದ್ದ ಒಂದು ಶಬ್ದವನ್ನು ಓದುವಳು. ಇಷ್ಟು ಹೊತ್ತು ಎಂದು ಅವಧಿಯನ್ನೂ ಹೇಳುವಳು. ಅಷ್ಟು ಹೊತ್ತಿನೊಳಗೆ ಗ್ರೇ ಆ ಶಬ್ದವನ್ನು ಹಿಡಿದು ಭಾರತದಲ್ಲಿ ಅಥವಾ ಊರಿಗೆ ಮರಳಿದ ಮೇಲೆ ತನಗಾದ ಒಂದು ಅನುಭವವನ್ನು ಹೇಳಬೇಕು. ಭಾಗವತರ ಪದವೊಂದನ್ನು ಹಿಡಿದು ಅರ್ಥ ಬೆಳೆಸುವುದನ್ನು ಬಲ್ಲ ನಮಗೆ ಈ ಕ್ರಮವು ಅಪರಿಚಿತವೆನಿಸದು. ಅಲ್ಲಿ ಪದವು ಪ್ರಸಂಗದಿಂದ ಬರುತ್ತದೆ, ಇಲ್ಲಿ ನಿಘಂಟಿನಿಂದ ಬರುತ್ತದೆ. ಆಶುತ್ವವು ಎರಡರ ಜೀವಾಳ.

ಇದಕ್ಕೂ ಮೊದಲೇ ಎಲಿಜಬೆತ್ ಲೆಕಾಂಪ್ಟ್ ಎಂಬ ನಿರ್ದೇಶಕಿಯೊಡನೆ ಸೇರಿ ಗ್ರೇ ತನ್ನ ಬಾಳನ್ನು ಆಧರಿಸಿದ ಮೂರು ನಾಟಕಗಳನ್ನು ಕಟ್ಟಿದ್ದನು. ಮೂರಕ್ಕೂ ಹುಟ್ಟೂರ ಸೀಮೆಯ ಸ್ಥಳಗಳದೇ ಹೆಸರು: ‘ಸಕಾನೆಟ್ ಪಾಯಿಂಟ್’ (೧೯೭೫), ‘ರಮ್‌ಸ್ಟಿಕ್ ರೋಡ್’ (೧೯೭೭), ‘ನಾಯಟ್ ಸ್ಕೂಲ್’ (೧೯೭೮). ಮೊದಲನೆಯದರಲ್ಲಿ ಮಾತು ಬಹಳ ಕಡಿಮೆ; ಎರಡನೆಯದರಲ್ಲಿ ಧ್ವನಿಮುದ್ರಿಕೆಗಳು ಮಾತನಾಡಿದವು; ಮೂರನೆಯದರಲ್ಲಿ ಗ್ರೇ ಒಂದು ಉದ್ದನೆಯ ಮೇಜಿನ ಹಿಂದೆ ಕುಳಿತು ನೇರವಾಗಿ ಸಭೆಯನ್ನೇ ಉದ್ದೇಶಿಸಿ ಮಾತನಾಡಿದನು. ಮೌನದಿಂದ ಯಂತ್ರದ ಧ್ವನಿಗೆ, ಯಂತ್ರದ ಧ್ವನಿಯಿಂದ ಸ್ವಂತ ಧ್ವನಿಗೆ ಹೀಗೆ ಮೂರು ವರ್ಷಗಳಲ್ಲಿ ಆತನು ನಡೆದುಬಂದನು. ಆ ಮೇಜನ್ನು ಮುಂದೆ ಆತನು ಬಿಡಲಿಲ್ಲ. ೧೯೭೯ರಲ್ಲಿ, ನ್ಯೂಯಾರ್ಕಿನ ವೂಸ್ಟರ್ ಬೀದಿಯಲ್ಲಿದ್ದ ‘ಪರ್ಫಾರ್ಮಿಂಗ್ ಗರಾಜ್’ ಎಂಬ ಪುಟ್ಟ ರಂಗಮಂದಿರದಲ್ಲಿ, ಹದಿನಾಲ್ಕು ವಯಸ್ಸಿನವರೆಗಿನ ತನ್ನ ಬಾಲ್ಯವನ್ನು ಹೇಳುವ ಮೊದಲ ಏಕವ್ಯಕ್ತಿ ಕಥನವನ್ನು ನಡೆಸಿದನು.

ಆ ರಂಗಸಜ್ಜಿಕೆಯನ್ನು ವರ್ಣಿಸಲು ಒಂದು ವಾಕ್ಯ ಸಾಕು: ಒಂದು ಮೇಜು, ಒಂದು ಕುರ್ಚಿ, ಒಂದು ಲೋಟ ನೀರು, ಒಂದು ಧ್ವನಿವಾಹಕ, ಒಂದು ಟಿಪ್ಪಣಿ ಪುಸ್ತಕ. ಮೈಮೇಲೆ ಮನೆಯಲ್ಲಿ ತೊಡುವಂಥ ಚೌಕಳಿ ಅಂಗಿ. ಹಾಡಿಲ್ಲ, ಕುಣಿತವಿಲ್ಲ, ಪರದೆಯಿಲ್ಲ. ಆದರೆ ಈ ಸರಳತೆಯ ಹಿಂದೆ ಕಠಿನವಾದ ಅಭ್ಯಾಸವಿತ್ತು. ಗ್ರೇ ಕಥೆಯನ್ನು ಮೊದಲು ಬರೆಯುತ್ತಿರಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಕೆಲವು ಸೂಚಕ ಶಬ್ದಗಳಷ್ಟೇ ಇರುತ್ತಿದ್ದವು. ಸಭೆಯ ಮುಂದೆ ನೆನಪಿನಿಂದ ಹೇಳುವನು, ಹೇಳಿದ್ದನ್ನು ಧ್ವನಿಮುದ್ರಿಸಿಕೊಳ್ಳುವನು, ಮರುದಿನ ಕೇಳಿ, ಎಲ್ಲಿ ಮಾತು ಜಡವಾಯಿತು, ಎಲ್ಲಿ ಜನ ನಕ್ಕರು, ಎಲ್ಲಿ ಮೌನವಾದರು ಎಂಬುದನ್ನು ನೋಡಿ ತಿದ್ದಿಕೊಳ್ಳುವನು. ಅನೇಕ ಪ್ರದರ್ಶನಗಳಾಗಿ ಕಥೆಯು ತನ್ನ ಆಕಾರಕ್ಕೆ ಬಂದು ನಿಂತ ಮೇಲೆಯೇ ಅದು ಗ್ರಂಥವಾಗುತ್ತಿತ್ತು. ಅಂದರೆ ಬರಹದಿಂದ ಮಾತು ಹುಟ್ಟಲಿಲ್ಲ. ಮಾತಿನಿಂದ ಬರಹ ಹುಟ್ಟಿತು. ಮೌಖಿಕ ಪರಂಪರೆಯ ಈ ಧರ್ಮವನ್ನು ಯಂತ್ರಯುಗದ ನಡುವೆ ಆತನು ಮತ್ತೆ ಕಂಡುಕೊಂಡನು.

ಆತನಿಗೆ ಜಗತ್ಪ್ರಸಿದ್ಧಿ ತಂದದ್ದು ‘ಸ್ವಿಮ್ಮಿಂಗ್ ಟು ಕಾಂಬೋಡಿಯಾ’. ಅದರ ಹಿನ್ನೆಲೆ ಹೀಗಿದೆ. ಕಾಂಬೋಡಿಯಾ ದೇಶದಲ್ಲಿ ೧೯೭೫ರಿಂದ ೧೯೭೯ರವರೆಗೆ ಖ್ಮೇರ್ ರೂಜ್ ಪಕ್ಷದ ಆಳ್ವಿಕೆಯು ನಡೆಯಿತು. ಕೊಲೆ, ಹಸಿವು, ರೋಗಗಳಿಂದ ಆ ಅವಧಿಯಲ್ಲಿ ಮಡಿದವರು ಸುಮಾರು ೧೫ ಲಕ್ಷದಿಂದ ೨೦ ಲಕ್ಷ. ಈ ದುರಂತವನ್ನು ಕುರಿತ ‘ದಿ ಕಿಲ್ಲಿಂಗ್ ಫೀಲ್ಡ್ಸ್’ (೧೯೮೪) ಎಂಬ ಚಲನಚಿತ್ರದ ಚಿತ್ರೀಕರಣವು ನೆರೆಯ ಥಾಯ್ಲೆಂಡಿನಲ್ಲಿ ನಡೆಯಿತು. ಗ್ರೇಗೆ ಅದರಲ್ಲಿ ಅಮೆರಿಕನ್ ರಾಯಭಾರಿಯ ಕಚೇರಿಯ ಅಧಿಕಾರಿಯ ಒಂದು ಕಿರುಪಾತ್ರ. ಊರಿಗೆ ಮರಳಿ ಆ ಅನುಭವವನ್ನೇ ಆತನು ಎರಡು ಭಾಗಗಳ ಕಥನವಾಗಿ ಬೆಳೆಸಿದನು. ಮೇಜಿನ ಹಿಂದೆ ಭೂಪಟಗಳು ತೂಗಿದವು. ಕೈಗೊಂದು ಕೋಲು ಬಂದಿತು. ನಟರ ಹೋಟೆಲಿನ ಸುಖ, ಸಮುದ್ರದಲ್ಲಿ ಈಜುತ್ತ ಪರಿಪೂರ್ಣವಾದ ಒಂದು ಕ್ಷಣಕ್ಕಾಗಿ ತಾನು ಪಟ್ಟ ಹಂಬಲ ಇವುಗಳನ್ನು ಹಾಸ್ಯದಿಂದ ಹೇಳುತ್ತಿದ್ದಂತೆಯೇ, ಅಮೆರಿಕದ ಬಾಂಬುಗಳು ಬಿದ್ದ ಹಳ್ಳಿಗಳ ಕಡೆಗೆ ಕೋಲು ತಿರುಗುತ್ತಿತ್ತು. ನಕ್ಕವರು ತಾವು ನಕ್ಕದ್ದಕ್ಕೆ ತಾವೇ ಬೆಚ್ಚುವಂತಾಗುತ್ತಿತ್ತು. ೧೯೮೫ರಲ್ಲಿ ಇದು ಪುಸ್ತಕವಾಯಿತು. ೧೯೮೭ರಲ್ಲಿ ಜೊನಾಥನ್ ಡೆಮ್ಮಿ ಇದನ್ನು ಚಲನಚಿತ್ರವಾಗಿಸಿದನು. ಒಬ್ಬ ಮನುಷ್ಯನು ಮೇಜಿನ ಮುಂದೆ ಕುಳಿತು ಮಾತನಾಡುವುದನ್ನೇ ಸುಮಾರು ಒಂದೂವರೆ ಗಂಟೆ ಜನ ನೋಡಿದರು.

ಇಲ್ಲಿ ಈ ಕಲೆಯ ಶಕ್ತಿಯು ಸ್ಪಷ್ಟವಾಗುತ್ತದೆ. ತನ್ನ ಕಥೆಯನ್ನು ಹೇಳುವುದೆಂದರೆ ಲೋಕವನ್ನು ಮರೆಯುವುದೆಂದಲ್ಲ. ಚರಿತ್ರೆಯ ಮಹಾಘಟನೆಗಳ ಅಂಚಿನಲ್ಲಿ ನಿಂತ ಅಲ್ಪನಾದ ಒಬ್ಬ ಸಾಕ್ಷಿಯು ತನ್ನ ಅಲ್ಪತನವನ್ನು ಒಪ್ಪಿಕೊಂಡು ಮಾತನಾಡಿದಾಗ, ಇತಿಹಾಸದ ಪುಸ್ತಕವು ಮುಟ್ಟದ ಕಡೆಯನ್ನು ಆ ಮಾತು ಮುಟ್ಟುತ್ತದೆ.

ಆದರೆ ಶಕ್ತಿಯಿದ್ದಲ್ಲಿ ಅಪಾಯವೂ ಇದೆ. ತಾಳಮದ್ದಳೆಯನ್ನು ಮತ್ತೆ ನೆನೆಯೋಣ. ಕರ್ಣನ ಅರ್ಥಧಾರಿಯು ತನ್ನ ಬಾಳನ್ನು ಎಷ್ಟೇ ಕರುಣಾಜನಕವಾಗಿ ಬಣ್ಣಿಸಲಿ, ಎದುರಿಗೆ ಶ್ರೀಕೃಷ್ಣನ ಅರ್ಥಧಾರಿಯು ಕುಳಿತಿರುತ್ತಾನೆ. ಪಗಡೆಯ ಸಭೆಯಲ್ಲಿ ನೀನು ಏನು ಮಾಡಿದೆ ಎಂದು ಆತನು ಕೇಳಿಯೇ ಕೇಳುತ್ತಾನೆ. ವಾಲಿಯ ಆಕ್ಷೇಪಕ್ಕೆ ರಾಮನು ಉತ್ತರ ಕೊಡಲೇಬೇಕು. ರಾಮನ ಉತ್ತರವನ್ನು ವಾಲಿಯು ಒರೆಗೆ ಹಚ್ಚಲೇಬೇಕು. ಸತ್ಯವು ಇಬ್ಬರ ಮಾತಿನ ನಡುವೆ ಎಲ್ಲಿಯೋ ಹೊಳೆಯುತ್ತದೆ. ತೀರ್ಮಾನವು ಸಭೆಗೆ ಬಿಟ್ಟದ್ದು. ಸ್ವಂತ ಬಾಳನ್ನು ಒಬ್ಬನೇ ಹೇಳುವ ರಂಗದಲ್ಲಿ ಈ ಎದುರು ಮಾತಿಲ್ಲ. ‘ನಾನು’ ಎಂಬವನು ಒಬ್ಬನೇ ಇದ್ದರೂ ಅವನ ಕಥೆಯಲ್ಲಿ ತಾಯಿಯಿದ್ದಾಳೆ, ತಂದೆಯಿದ್ದಾನೆ, ಹೆಂಡತಿಯಿದ್ದಾಳೆ. ಅವರ ಮಾತನ್ನೂ ಅವನೇ ಆಡುತ್ತಾನೆ. ಅದು ಹಾಗಲ್ಲ ಎನ್ನಲು ಅವರಿಗೆ ಆಸನವಿಲ್ಲ.

ಗ್ರೇಯ ಬಾಳಿನಲ್ಲಿಯೇ ಈ ಪ್ರಶ್ನೆಯು ಹಲವು ಸಲ ಎದ್ದಿತು. ‘ರಮ್‌ಸ್ಟಿಕ್ ರೋಡ್’ ನಾಟಕದಲ್ಲಿ ತಾಯಿಗೆ ಚಿಕಿತ್ಸೆ ಮಾಡಿದ್ದ ಮನೋವೈದ್ಯನೊಡನೆ ನಡೆಸಿದ ದೂರವಾಣಿ ಸಂಭಾಷಣೆಯ ಮುದ್ರಿಕೆಯನ್ನು ಆ ವೈದ್ಯನ ಒಪ್ಪಿಗೆಯಿಲ್ಲದೆ ಬಳಸಲಾಗಿತ್ತು. ‘ವಿಲೇಜ್ ವಾಯ್ಸ್’ ಪತ್ರಿಕೆಯ ವಿಮರ್ಶಕ ಮೈಕೆಲ್ ಫೈನ್‌ಗೋಲ್ಡನು ಇದನ್ನು ತೀವ್ರವಾಗಿ ಖಂಡಿಸಿದನು. ೧೯೯೬ರ ‘ಇಟ್ಸ್ ಎ ಸ್ಲಿಪರಿ ಸ್ಲೋಪ್’ ಕಥನದಲ್ಲಿ ತಾನು ಪತ್ನಿಗೆ ಮಾಡಿದ ದ್ರೋಹವನ್ನೂ, ದಾಂಪತ್ಯವು ಮುರಿದು ಬಿದ್ದುದನ್ನೂ ಆತನು ಸಭೆಯ ಮುಂದೆ ಹೇಳಿಕೊಂಡನು. ತಪ್ಪನ್ನು ಒಪ್ಪಿಕೊಳ್ಳುವ ಮಾತಿಗೂ ಜನರು ಪ್ರವೇಶಧನ ಕೊಟ್ಟು ಬಂದು ಚಪ್ಪಾಳೆ ತಟ್ಟಿದರೆ, ಅದು ಪಶ್ಚಾತ್ತಾಪವೋ ಪ್ರದರ್ಶನವೋ? ಆ ಚಪ್ಪಾಳೆಯಲ್ಲಿ ನೊಂದವಳಿಗೆ ಪಾಲೆಷ್ಟು?

ಈ ಕೊರತೆಯು ಗ್ರೇಗೆ ತಿಳಿಯದ್ದೇನೂ ಅಲ್ಲವೆಂದು ತೋರುತ್ತದೆ. ಆತನು ಎಂಬತ್ತರ ದಶಕದಲ್ಲಿ ಆರಂಭಿಸಿದ ಇನ್ನೊಂದು ಪ್ರಯೋಗದಲ್ಲಿ, ಶ್ರೋತೃಗಳನ್ನೇ ಒಬ್ಬೊಬ್ಬರಾಗಿ ವೇದಿಕೆಗೆ ಕರೆದು ಎದುರಿನ ಕುರ್ಚಿಯಲ್ಲಿ ಕೂರಿಸಿ, ಅವರ ಬಾಳನ್ನು ಕೇಳಿದನು. ಹೇಳುವವನು ಕೇಳುವವನಾದನು. ಎದುರಾಳಿಯಿಲ್ಲದ ರಂಗಕ್ಕೆ ಆತನು ತಾನಾಗಿಯೇ ಎರಡನೆಯ ಕುರ್ಚಿಯೊಂದನ್ನು ತಂದಿರಿಸಿದನು.

ಎದುರು ಮಾತಿಲ್ಲದಿದ್ದರೆ ಒದಗುವ ಇನ್ನೊಂದು ಅಪಾಯಕ್ಕೆ ಮುಂದಿನ ಪೀಳಿಗೆಯು ನಿದರ್ಶನ ಕೊಟ್ಟಿತು. ಮೈಕ್ ಡೇಸಿ ಎಂಬ ಏಕವ್ಯಕ್ತಿ ಕಥನಕಾರನೂ ಗ್ರೇಯಂತೆಯೇ ಮೇಜಿನ ಮುಂದೆ ಕುಳಿತು ಹೇಳುವವನು. ಚೀನಾದ ಷೆಂಜೆನ್ ನಗರದಲ್ಲಿ ಆಪಲ್ ಕಂಪೆನಿಯ ಸಾಮಗ್ರಿಗಳನ್ನು ತಯಾರಿಸುವ ಕಾರ್ಮಿಕರ ಕಷ್ಟವನ್ನು ತಾನು ಕಣ್ಣಾರೆ ಕಂಡಂತೆ ಆತನು ಹೇಳಿದನು. ೨೦೧೨ರ ಜನವರಿಯಲ್ಲಿ ಅದರ ಭಾಗವು ‘ದಿಸ್ ಅಮೆರಿಕನ್ ಲೈಫ್’ ಎಂಬ ರೇಡಿಯೋ ಕಾರ್ಯಕ್ರಮದಲ್ಲಿ ಪ್ರಸಾರವಾಯಿತು. ಆಗ ಪತ್ರಕರ್ತನೊಬ್ಬನು ಚೀನಾದಲ್ಲಿ ಡೇಸಿಯೊಡನೆ ದುಭಾಷಿಯಾಗಿ ತಿರುಗಿದ್ದ ಮಹಿಳೆಯನ್ನು ಹುಡುಕಿ ಕೇಳಿದನು. ಕಥೆಯ ಕೆಲವು ಘಟನೆಗಳು ತನ್ನೆದುರು ನಡೆಯಲೇ ಇಲ್ಲವೆಂದು ಆಕೆ ಹೇಳಿದಳು. ಮಾರ್ಚ್ ತಿಂಗಳಲ್ಲಿ ಆ ಕಾರ್ಯಕ್ರಮವು ತನ್ನ ಪ್ರಸಾರವನ್ನು ಹಿಂತೆಗೆದುಕೊಂಡಿತು. ಕಾರ್ಮಿಕರ ಕಷ್ಟವು ಸುಳ್ಳಾಗಿರಲಿಲ್ಲ. ‘ನಾನು ಕಂಡೆ’ ಎಂಬುದು ಕೆಲವೆಡೆ ಸುಳ್ಳಾಗಿತ್ತು. ಇದು ರಂಗಭೂಮಿಯೇ ಹೊರತು ವರದಿಯಲ್ಲ ಎಂಬ ಸಮಾಧಾನವು ಹೆಚ್ಚು ಕೆಲಸಕ್ಕೆ ಬರಲಿಲ್ಲ. ಏಕೆಂದರೆ ಈ ಕಲೆಯಲ್ಲಿ ಸಭೆಯು ಕೊಡುವ ನಂಬಿಕೆಯು ಪಾತ್ರಕ್ಕೆ ಕೊಡುವ ನಂಬಿಕೆಯಲ್ಲ, ವ್ಯಕ್ತಿಗೆ ಕೊಡುವ ನಂಬಿಕೆ. ಕರ್ಣನ ಅರ್ಥಧಾರಿಯು ನಿಜವಾಗಿ ಸೂರ್ಯಪುತ್ರನೇ ಎಂದು ಯಾರೂ ಕೇಳುವುದಿಲ್ಲ. ‘ನಾನು’ ಎಂದು ತನ್ನ ಹೆಸರಿನಲ್ಲಿ ಹೇಳುವವನನ್ನು ಕೇಳಿಯೇ ಕೇಳುತ್ತಾರೆ. ಈ ಪ್ರಕರಣದಲ್ಲಿ ಬಹಳ ತಡವಾಗಿ ಬಂದ ಎದುರು ಅರ್ಥಧಾರಿಯೆಂದರೆ ಆ ದುಭಾಷಿಯೇ.

ಗ್ರೇ ಆ ವೇಳೆಗೆ ಇರಲಿಲ್ಲ. ೨೦೦೧ರ ಜೂನ್ ತಿಂಗಳಲ್ಲಿ ಐರ್ಲೆಂಡಿನಲ್ಲಿ ನಡೆದ ವಾಹನಾಪಘಾತದಲ್ಲಿ ತಲೆಗೂ ಸೊಂಟಕ್ಕೂ ಭಾರಿ ಪೆಟ್ಟಾಗಿ, ಬಳಿಕ ಮನೋವ್ಯಥೆಯು ಆತನನ್ನು ಆವರಿಸಿತು. ೨೦೦೪ರ ಜನವರಿಯಲ್ಲಿ ಕಾಣೆಯಾದನು. ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ಶವವು ಸಿಕ್ಕಿತು. ನೋವನ್ನು ಕಥೆಯಾಗಿಸಿದರೆ ನೋವು ಮಾಯುವುದೆಂಬ ಮಾತು ಎಲ್ಲ ಕಾಲಕ್ಕೂ ನಿಜವಲ್ಲವೆಂಬುದನ್ನು ಈ ಮರಣವು ತಿಳಿಸುತ್ತದೆ. ಕಥನವು ಬೆಳಕು, ಔಷಧವಾಗಲೇಬೇಕೆಂಬ ನಿಯಮವಿಲ್ಲ. ಬೇನೆಗೆ ವೈದ್ಯರೂ ಬೇಕು, ಬಂಧುಗಳೂ ಬೇಕು.

ಹಾಗಾದರೆ ಈ ಕಲೆಯೇ ಬೇಡವೇ? ಹಾಗೆನ್ನುವ ಮೊದಲು ನಮ್ಮ ನೆರೆಯ ಒಂದು ನಿದರ್ಶನವನ್ನು ನೋಡಬೇಕು. ತಮಿಳುನಾಡಿನ ನಾಮಕ್ಕಲ್ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಮಾಜಕಾರ್ಯ ಮಾಡಿದ ಎ. ರೇವತಿ ಅವರು ಹಿಜಡಾ ಸಮುದಾಯಕ್ಕೆ ಸೇರಿದವರು. ಅವರ ಆತ್ಮಕಥೆಯು ೨೦೧೦ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು; ಕನ್ನಡದಲ್ಲಿ ‘ಬದುಕು ಬಯಲು’ ಎಂಬ ಹೆಸರಿನಿಂದ ದು. ಸರಸ್ವತಿ ಅವರು ಅದನ್ನು ತಂದರು. ಕನ್ನಡ ರಂಗಭೂಮಿಯು ಅದನ್ನು ನಾಟಕವಾಗಿಯೂ ಆಡಿತು. ಅಲ್ಲಿ ನಟರು ರೇವತಿಯ ‘ನಾನು’ವನ್ನು ಎರವಲು ಪಡೆದರು. ರೇವತಿ ಅವರಾದರೋ ತಮಿಳಿನಲ್ಲಿ ತಾವೇ ರಂಗವನ್ನೇರಿ ತಮ್ಮ ಬಾಳನ್ನು ಒಬ್ಬರೇ ಅಭಿನಯಿಸಿ ಹೇಳಿದರು. ಇಲ್ಲಿ ಎದುರು ಮಾತಿಲ್ಲವಲ್ಲ ಎಂದು ಆಕ್ಷೇಪಿಸಬಹುದೇ? ಮನೆಯವರು, ಪೋಲೀಸರು, ಬೀದಿಯ ಜನರು, ಚಲನಚಿತ್ರಗಳು ಎಲ್ಲರೂ ಅವರಂಥವರನ್ನು ಕುರಿತು ತಲೆಮಾರುಗಳಿಂದ ಮಾತನಾಡಿಯೇ ಇದ್ದಾರೆ. ಅವರ ಸರದಿ ಮಾತ್ರ ಬಂದಿರಲಿಲ್ಲ. ಅವರ ಏಕವ್ಯಕ್ತಿ ಕಥನವೇ ಆ ಬಹುಕಾಲದ ಪ್ರಸಂಗಕ್ಕೆ ಬಂದ ಎದುರು ಮಾತು.

ಆದುದರಿಂದ ‘ನಾನು’ ಎಂದು ವೇದಿಕೆಯಲ್ಲಿ ಹೇಳುವವರನ್ನು ತೂಗುವಾಗ ಎರಡು ಪ್ರಶ್ನೆಗಳನ್ನು ಕೇಳುವುದು ಉಚಿತ. ಇವರಿಗಿಂತ ಮೊದಲು ಇಲ್ಲಿ ಯಾರು ಮಾತನಾಡಿದ್ದಾರೆ? ಇವರ ಮಾತಿನೊಳಗೆ ಮಾತಿಲ್ಲದೆ ಕುಳಿತವರು ಯಾರು? ಮೊದಲನೆಯ ಪ್ರಶ್ನೆಯು ದನಿಯಿಲ್ಲದವರಿಗೆ ದನಿಯ ಹಕ್ಕನ್ನು ಕೊಡುತ್ತದೆ. ಎರಡನೆಯದು ದನಿಯುಳ್ಳವರಿಗೆ ಹೊಣೆಯನ್ನು ನೆನಪಿಸುತ್ತದೆ. ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ‘ನನ್ನ ಬಾಲ್ಯ’, ‘ನನ್ನ ಊರು’ ಎಂದು ಮಾತನಾಡಲು ಹೇಳುವ ವಾಡಿಕೆಯುಂಟು. ಆ ಚಿಕ್ಕ ಭಾಷಣಗಳಲ್ಲಿಯೂ ಇದೇ ಕಲೆಯ ಬೀಜವಿದೆ. ಹುಡುಗನೊಬ್ಬನು ತನ್ನ ಜಗಳದ ಕಥೆಯನ್ನು ಹೇಳಿ ಮುಗಿಸಿದ ಮೇಲೆ, ಅದೇ ಕಥೆಯನ್ನು ಜಗಳವಾಡಿದ ಇನ್ನೊಬ್ಬನ ‘ನಾನು’ವಿನಿಂದ ಹೇಳೆಂದು ಉಪಾಧ್ಯಾಯರು ಕೇಳಿ ನೋಡಬಹುದು. ವಾಲಿಯ ಅರ್ಥವನ್ನು ಹೇಳಿದವನು ಇನ್ನೊಂದು ದಿನ ರಾಮನ ಅರ್ಥವನ್ನೂ ಹೇಳಬಲ್ಲವನಾಗಬೇಕೆಂಬುದು ನಮ್ಮ ಗಡಿಸೀಮೆಯ ಕಲೆಯು ತಾನಾಗಿಯೇ ಕಲಿಸಿದ ಪಾಠ. ಅದನ್ನು ಬಲ್ಲವನ ಕೈಗೆ ಮೇಜನ್ನೂ ನೀರಿನ ಲೋಟವನ್ನೂ ಧೈರ್ಯವಾಗಿ ಒಪ್ಪಿಸಬಹುದು.